ಪಕ್ಕಕ್ಕೆ ಸರಿಯದ ಕಲ್ಲು

ಲೋಟಕ್ಕೆ ಚಾಚಿದ ಸೋದರಮಾವನ ಕೈ ಎಣ್ಣೆಯ ಬಟ್ಟಲಿಗೆ ಬಡಿಯಿತು, ಎಣ್ಣೆ ಮೇಜಿನ ಮೇಲೆ ಹರಿಯುತ್ತಿದೆ, ಅತ್ತೆ ನೋಡಲಿಲ್ಲ, ಒಲೆಯ ಕಡೆ ಮುಖ ಮಾಡಿ ಮೀನು ಮಗುಚುತ್ತಿದ್ದಾರೆ, ಎರ್ಸಿಲಿಯಾ ಬ್ರೆಡ್ಡಿನ ಚೂರಿನಿಂದ ಎಣ್ಣೆ ಒರೆಸಿದಳು, ಸದ್ದಿಲ್ಲದೆ, ಕದ್ದವಳ ಹಾಗೆ, ಯಾಕೆ ಒರೆಸಿದೆ ನಾನು, ಯಾರನ್ನು ಕಾಪಾಡುವುದಕ್ಕೆ — ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪು ಬೂದಿ, ಹಲ್ಲಿನ ನಡುವೆ ಕರಕರ, ಬಾಯಿ ಮುಕ್ಕಳಿಸಿದರೂ ಹೋಗಿಲ್ಲ. ಹೇಗಿದ್ದನೇ ಅವನು ಇವತ್ತು, ಅತ್ತೆ ತಿರುಗದೆಯೇ ಕೇಳುತ್ತಾರೆ, ಸ್ಟ್ರಾಂಬೋಲಿ ದ್ವೀಪದಲ್ಲಿ ಯಾರೂ ಜ್ವಾಲಾಮುಖಿ ಎನ್ನುವುದಿಲ್ಲ, ಅವನು ಎನ್ನುತ್ತಾರೆ, ಹಿತ್ತಿಲಲ್ಲೇ ವಾಸವಿರುವ ಮುಂಗೋಪಿ ನೆಂಟನ ಹಾಗೆ, ಚೆನ್ನಾಗೇ ಇದ್ದ, ಎಂದರು ಮಾವ ಒನೋಫ್ರಿಯೊ, ಇವಳನ್ನ ಸ್ವಲ್ಪ ಹೆದರಿಸಿದ ಅಷ್ಟೆ, ಮೆಸ್ಸಿನಾ ಪೇಟೆಯೋರಲ್ವಾ, ಟ್ರಾಮಿನ ಗಂಟೆ ಹೊಡೆದ್ರೂ ಹಾರಿ ಬೀಳ್ತಾರೆ. ಅತ್ತೆ ನಕ್ಕರು. ಎರ್ಸಿಲಿಯಾಳೂ ನಗಬೇಕು, ತುಟಿ ಅರಳುತ್ತಿಲ್ಲ. ಬೆಳಿಗ್ಗೆ ಮಾವನ ಜೊತೆ ಬೆಟ್ಟ ಹತ್ತುವಾಗ ಏನೂ ಗೊತ್ತಾಗಲಿಲ್ಲ, ವರ್ಷಗಟ್ಟಲೆ ಜನರನ್ನು ಮೇಲಕ್ಕೆ ಕರೆದೊಯ್ದ ಕಾಲುಗಳವು, ಜೊಂಡು ದಾಟಿ ಕಪ್ಪು ಮರಳಿಗೆ ಬಂದರೂ ಎಲ್ಲೂ ಎಡವಲಿಲ್ಲ, ದಾರಿಯುದ್ದಕ್ಕೂ ಮಾವನ ಬಾಯಲ್ಲಿ ಅಮ್ಮನದೇ ಮಾತು, ನಿಮ್ಮಮ್ಮ ಚಪ್ಪಲಿ ಕಿತ್ತೋಯ್ತು ಅಂತ ಇಲ್ಲೇ ಕೂತು ಅತ್ಲು, ಹೊತ್ಕೊಂಡು ಇಳಿಸಿದ್ದು ಈ ಅಣ್ಣ — ಅಮ್ಮ ಹೋದ ಮೇಲೆ ಇದನ್ನೆಲ್ಲ ಹೇಳುವವರು ಇನ್ನಾರಿದ್ದಾರೆ, ಅದಕ್ಕೇ ತಾನೇ ಅವಳು ದೋಣಿ ಹತ್ತಿ ಈ ಮನೆಗೆ ಬಂದದ್ದು, ಮೇಲೆ ಗಂಧಕದ ಘಾಟು, ಕಾಲಡಿ ಯಾರೋ ಭಾರದ ಪೆಟ್ಟಿಗೆ ಎಳೆಯುತ್ತಿರುವಂಥ ಸದ್ದು, ಓಡ್ಬಾರ್ದು, ಮಾವ ಹೇಳುತ್ತಿದ್ದಾರೆ, ಕಲ್ಲು ಹಾರಿದ್ರೆ ಬೆನ್ನು ಹಾಕ್ಬೇಡ, ತಲೆಯೆತ್ತಿ ನೋಡು, ಪಕ್ಕಕ್ಕೆ ಸರೀತಿರೋ ಕಲ್ಲು ನಿನ್ನದಲ್ಲ, ನಿಂತಲ್ಲೇ ನಿಂತು ದೊಡ್ಡದಾಗ್ತಾ ಬರುತ್ತಲ್ಲ, ಅದು ನಿನ್ನದು, ಆಗ ನೀನು ಪಕ್ಕಕ್ಕೆ ಸರಿ. ಆಮೇಲೆ ಎದೆಯೊಳಗೇ ಸಿಡಿದಂತೆ ಆಯಿತು, ಬಿಳಿ ಆಕಾಶದ ತುಂಬ ಕಪ್ಪು ಚುಕ್ಕೆಗಳು, ಅವಳು ತಲೆಯೆತ್ತಿದಳು, ಮಾವನೂ ತಲೆಯೆತ್ತಿದರು, ಆದರೆ ಸಮುದ್ರದ ಕಡೆಗೆ, ಏನೂ ಇಲ್ಲದ ಕಡೆಗೆ, ಕಣ್ಣು ಅಗಲವಾಗಿ ತೆರೆದೇ ಇದೆ, ತುಟಿ ಮಾತ್ರ ಅಲುಗುತ್ತಿದೆ, ಎಲ್ಲೇ? ಯಾವ ಕಡೆ, ಹೇಳೇ! — ಒಂದು ಚುಕ್ಕೆ ಸರಿಯುತ್ತಿಲ್ಲ, ಅವರ ತಲೆಯ ನೇರಕ್ಕೇ ನಿಂತಿದೆ, ಅವಳು ಅವರ ಬೆನ್ನಿನ ಚೀಲದ ಪಟ್ಟಿ ಹಿಡಿದು ಎಳೆದಳು, ಇಬ್ಬರೂ ಮಗುಚಿ ಬಿದ್ದರು, ಮಾವ ನಿಂತಿದ್ದ ಜಾಗದಲ್ಲಿ ಈಗ ಕಲ್ಲು, ಮರಳು ಚುರುಗುಟ್ಟುತ್ತಿದೆ. ಅವರು ತಡಕಾಡಿ ಅವಳ ಕೈ ಹಿಡಿದರು, ನಿಮ್ಮತ್ತೆಗೆ ಹೇಳ್ಬೇಡ ಮಗಳೇ, ಬೆಟ್ಟ ಬಿಟ್ರೆ ನಾನು ಕುರ್ಚಿ ಮೇಲಿನ ಗಂಟು, ಅಷ್ಟೆ, ಅವಳು ಆಯ್ತು ಅಂದಿದ್ದಳು.

ನಾಳೆ ಬೆಟ್ಟ ಹತ್ತೋಕೆ ಬೊಲೋನ್ಯಾದೋರು ಬರ್ತಾರೆ, ಅತ್ತೆ ಮೀನು ಬಡಿಸುತ್ತಿದ್ದಾರೆ, ಗಂಡ ಹೆಂಡತಿ, ಎರಡು ಹೆಣ್ಣುಮಕ್ಕಳು, ಚಿಕ್ಕೋಳಿಗೆ ಆಗುತ್ತಾ ಅಂತ ಫೋನಲ್ಲಿ ಕೇಳಿದ್ರು, ಯಾಕಾಗಲ್ಲ, ಮಾವ ಅನ್ನುತ್ತಾರೆ, ಕೈ ಹಿಡ್ಕೊಂಡೇ ಹತ್ತಿಸ್ತೀನಿ — ಯಾರ ಕೈ ಯಾರು ಹಿಡಿಯುವುದು, ಅವರ ಮುಖ ಅವಳತ್ತ ತಿರುಗಿದೆ, ನೋಟ ಮಾತ್ರ ಅವಳ ಭುಜದಾಚೆ ಗೋಡೆಯ ಮೇಲೆ, ಹೇಳಬೇಡ ಎಂದು ಬೇಡುತ್ತಿರುವ ಮುಖ, ಅಮ್ಮನದೇ ಗಲ್ಲ, ಅಮ್ಮನದೇ ಹುಬ್ಬು, ಅತ್ತೆ, ಮಾವಂಗೆ ಕಣ್ಣು ಕಾಣ್ಸಲ್ಲ, ಯಾರ ದನಿ ಇದು, ಅವಳದೇ, ಇವತ್ತು ಕಲ್ಲು ಅವರಿಗೆ ಕಾಣಿಸ್ಲೇ ಇಲ್ಲ. ಸೌಟು ನಿಂತಿತು. ಒನೋಫ್ರಿಯೊ, ಹೌದಾ? ಮಾವ ತಟ್ಟೆಯತ್ತ ಮುಖ ಬಗ್ಗಿಸಿದರು. ಅತ್ತೆ ಒಲೆ ಆರಿಸಿದರು, ನಂಗೆ ಅನುಮಾನ ಇತ್ತು ಕಣೇ, ಕೇಳೋ ಧೈರ್ಯ ಬರ್ಲಿಲ್ಲ, ಒಳಗೆ ಹೋದರು, ಫೋನಿನ ಗುಂಡಿಗಳ ಸದ್ದು, ಇಲ್ಲಮ್ಮ, ನಾಳೆ ಇಲ್ಲ, ನಾಡಿದ್ದೂ ಇಲ್ಲ, ಬೇರೆಯವರನ್ನ ನೋಡ್ಕೊಳ್ಳಿ. ಮಾವ ಏಳಲು ಹೋಗಿ ಮತ್ತೆ ಕೂತರು, ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದಿದ್ದಾರೆ, ನೀನು ಕೊಟ್ಟ ಮಾತು, ಎಂದರು, ಅಷ್ಟೇ, ಬೈಯಲಿ, ತಟ್ಟೆ ಎಸೆಯಲಿ, ಏನಾದರೂ ಅನ್ನಲಿ, ಅವಳು ಅವರ ಮಣಿಕಟ್ಟು ಹಿಡಿದಳು, ಅವರು ಬಿಡಿಸಿಕೊಳ್ಳಲೂ ಇಲ್ಲ, ಹಿಡಿಯಲೂ ಇಲ್ಲ, ಕಣ್ಣು ಮುಚ್ಚಿದರೆ ಬಿಳಿ ಆಕಾಶ, ಅದರಲ್ಲಿ ಒಂದು ಕಪ್ಪು ಚುಕ್ಕೆ, ಎಡಕ್ಕಿಲ್ಲ, ಬಲಕ್ಕಿಲ್ಲ, ನಿಂತಲ್ಲೇ ನಿಂತು ದೊಡ್ಡದಾಗುತ್ತಾ