ಬಾವುಟ ಬೀಳದ ಯುದ್ಧ

ಇನ್ನೂರು ವರ್ಷಗಳ ಹಿಂದೆ ಕೋಟೆಯವರು ಸೋತುಹೋಗಿದ್ದ ಯುದ್ಧವನ್ನು ಮೊನ್ನೆ ಭಾನುವಾರ ನಾನೊಬ್ಬನೇ ಗೆದ್ದುಕೊಟ್ಟೆ. ಅದೂ ಒಂದೇ ಕೈಯಲ್ಲಿ. ಇನ್ನೊಂದು ಕೈಯಲ್ಲಿ ಬಾವುಟವಿತ್ತು. ನನ್ನ ಆರ್ಭಟಕ್ಕೆ ಹಳೆಯ ಸೇತುವೆ ಮೂರಂಗುಲ ಪಕ್ಕಕ್ಕೆ ಸರಿದಿದೆ. ನಂಬದವರು ಹೋಗಿ ಅಳೆಯಬಹುದು. ಟೇಪು ನಾನೇ ಕೊಡುತ್ತೇನೆ, ನಾನು ದರ್ಜಿ.

ನಮ್ಮದೊಂದು ಸಂಘವಿದೆ. ಹಳೆಯ ಕಾಲದ ಸೈನಿಕರ ಉಡುಪು ತೊಟ್ಟು, ಸೇತುವೆಯ ಪಕ್ಕದ ಬಯಲಿನಲ್ಲಿ ವರ್ಷಕ್ಕೊಮ್ಮೆ ಆ ಯುದ್ಧವನ್ನು ನಡೆದದ್ದು ನಡೆದ ಹಾಗೇ ಮಾಡಿ ತೋರಿಸುತ್ತೇವೆ. ನಮ್ಮ ಸೈನ್ಯ ನಾಲ್ಕು ಸಾವಿರ. ಹೋಗಲಿ, ನಾನೂರು. ರಜೆ ಸಿಗದವರನ್ನು ಬಿಟ್ಟು ಎಣಿಸಿದರೆ ಮೂವತ್ತೊಂದು. ಬಂದೂಕು ಮರದ್ದು, ಒಳಗೆ ಪಟಾಕಿ ಮದ್ದು, ಹೊಗೆ ಮಾತ್ರ ಅಪ್ಪಟ.

ಸಂಘ ಕಟ್ಟಿದವರು ನಮ್ಮ ಭಾವ, ಅಂದರೆ ಅಕ್ಕನ ಗಂಡ. ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರು. ಇತಿಹಾಸದಲ್ಲಿ ಎಲ್ಲಿ ಸತ್ತನೋ ಇಲ್ಲೂ ಅಲ್ಲೇ ಸಾಯಬೇಕು, ಸೀಟಿ ಊದುವ ತನಕ ನೊಣ ಮೂಗಿನ ಮೇಲೆ ಕೂತರೂ ಮಿಸುಕಬಾರದು ಎಂಬುದು ಅವರ ಕಾನೂನು. ಯಾರು ಎಲ್ಲಿ ಸಾಯಬೇಕೆಂದು ನೆಲದ ಮೇಲೆ ಸುಣ್ಣದಲ್ಲಿ ವೃತ್ತ ಬರೆದಿಡುತ್ತಾರೆ. ಗದ್ದಲದಲ್ಲಿ ಕೂಗಿದ್ದು ಕೇಳಿಸುವುದಿಲ್ಲವಾದ್ದರಿಂದ ಒಂದೇ ಗುರುತು: ಕೋಟೆಯವರ ಬಾವುಟ ಬಿದ್ದರೆ ಕೋಟೆಯವರು ಓಡಬೇಕು, ಹೊಳೆಯಾಚೆಯವರು ಸೇತುವೆ ದಾಟಬೇಕು, ಯುದ್ಧ ಮುಗಿಯಿತು. ಆ ಬಾವುಟ ಹಿಡಿದು ಸಾಯುವವನು ನಾನು. ನಾನು ಸಾಯುವ ಚಂದಕ್ಕೆ ಶತ್ರು ಸೈನ್ಯವೇ ಬಿಕ್ಕಿ ಬಿಕ್ಕಿ ಅತ್ತದ್ದುಂಟು.

ಈ ಸಲದ ಯುದ್ಧದ ಮೇಲೆ ಭಾವನ ಸಂಸಾರ ನಿಂತಿತ್ತು. ಸಂಘದ ಸಾಮಾನೆಲ್ಲ ಇರುವುದು ಅವರ ಮನೆಯಲ್ಲಿ. ಬಚ್ಚಲಲ್ಲಿ ಬಂದೂಕು, ಮಂಚದ ಕೆಳಗೆ ಕತ್ತಿ, ನಡುಮನೆಯಲ್ಲಿ ಮರದ ಫಿರಂಗಿ. ಅಕ್ಕ ಹದಿನೈದು ದಿನ ಮೊದಲೇ ಹೇಳಿಬಿಟ್ಟಿದ್ದಳು: "ನೋಡಿ, ಭಾನುವಾರ ಆದ್ಮೇಲೆ ಈ ಫಿರಂಗಿ ಮನೆಗೆ ವಾಪಸ್ ಬಂದ್ರೆ ಕೊಡಲಿ ತರಿಸ್ತೀನಿ. ಸೌದೆ ಆಗುತ್ತೆ."

ಮ್ಯೂಸಿಯಮ್ಮಿನ ಹಿಂದೆ ಒಂದು ಗೋದಾಮು ಖಾಲಿ ಬಿದ್ದಿದೆ. ಭಾವ ಅದಕ್ಕಾಗಿ ಒಂಬತ್ತು ವರ್ಷ ಅರ್ಜಿ ಬರೆದಿದ್ದರು. ಈ ಸಲ ಅಲ್ಲಿಯ ಮೇಡಂ ಖುದ್ದಾಗಿ ನೋಡಲು ಬರುವವರಿದ್ದರು. ಯುದ್ಧ ಇತಿಹಾಸದಲ್ಲಿದ್ದಂತೆ ನಡೆದರೆ ಗೋದಾಮು ನಮ್ಮದು. ಬರೀ ವೇಷ ಕಟ್ಟಿ ಕುಣಿಯುವವರೆಂದು ಕಂಡರೆ ಇಲ್ಲ. ಭಾವ ವಾರದಿಂದ ಸರಿಯಾಗಿ ಊಟವನ್ನೂ ಮಾಡಿರಲಿಲ್ಲ.

ಯುದ್ಧ ಶುರುವಾಯಿತು. ಹೊಗೆಯೆಂದರೆ ಹೊಗೆ, ಸೂರ್ಯ ಕೆಮ್ಮಿದ. ಹೊಳೆಯಾಚೆಯ ಸೇನಾಪತಿಯಾದ ಬೇಕರಿಯವನು ನನ್ನೆದುರು ಬಂದು ನಿಂತು ಢಂ ಎನ್ನಿಸಿದ. ನಾನು ಬೀಳಲಿಲ್ಲ.

"ಬೀಳೋ," ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ. "ಗುಂಡು ತಾಗಿದೆ ನಿನಗೆ."

"ತಾಗಿಲ್ಲ."

"ಎದೆಗೇ ಹೊಡೆದಿದೀನಲ್ಲೋ!"

"ಗುರಿ ಇಡೋದು ಕಲ್ತುಕೊಂಡು ಬಾ, ಹೋಗು."

ಮತ್ತೆ ಹೊಡೆದ. ನಾನು ಹೆಬ್ಬಂಡೆ. ನನ್ನ ಸೈನ್ಯ ಬಾವುಟ ನೋಡಿತು. ಬಾವುಟ ನೆಟ್ಟಗಿದೆ, ಓಡುವುದು ಹೇಗೆ? ಆಗಲೇ ಸತ್ತಿದ್ದವರಲ್ಲಿ ಒಬ್ಬ ನೆಲದಿಂದಲೇ ಗೊಣಗಿದ: "ಬೇಗ ಮುಗಿಸ್ರಪ್ಪಾ, ಸೊಂಟ ಹಿಡ್ಕೊಂಡಿದೆ."

"ನಿನ್ನ ದಮ್ಮಯ್ಯ, ಬಿದ್ದುಬಿಡೋ," ಎಂದ ಬೇಕರಿಯವನು. "ಓವನ್ನಲ್ಲಿ ಬ್ರೆಡ್ಡು ಇಟ್ಟು ಬಂದಿದೀನಿ!"

ನಾನು ಕದಲಲಿಲ್ಲ. ಅವರ ಮದ್ದು ಮುಗಿಯಿತು. ಬೇಕರಿಯವನು ಒಮ್ಮೆ ಗಡಿಯಾರ ನೋಡಿಕೊಂಡ, ಬಂದೂಕು ಬಿಸಾಕಿ ಬೇಕರಿಯತ್ತ ಓಟ ಕಿತ್ತ. ಸೇನಾಪತಿಯೇ ಓಡುತ್ತಿದ್ದಾನೆಂದು ಅವನ ಸೈನ್ಯವೂ ಹಿಂದೆ ಓಡಿತು. ಬಯಲಿನಲ್ಲಿ ಉಳಿದವರು ನಾವು. ಗೆದ್ದೆವು!

ಭಾವ ಸೀಟಿ ಊದಿದರು. ಮುಖ ಸುಣ್ಣದ ಹಾಗಾಗಿತ್ತು. ಮೇಡಂ ನನ್ನ ಹತ್ತಿರವೇ ಬಂದರು, ಹಿಂದೆ ಭಾವ, ಅವರ ಹಿಂದೆ ಅಕ್ಕ.

"ಬಾವುಟದವನು ಇಲ್ಲೇ ಬಿದ್ದ ಅಂತ ಓದಿದ್ದೆ ನಾನು," ಎಂದರು ಮೇಡಂ.

ನನ್ನ ನಾಲಿಗೆಗೆ ಲಗಾಮಿದ್ದರೆ ತಾನೆ? "ಓದಿದ್ದು ತಪ್ಪು ಮೇಡಂ. ಆ ಬಾವುಟದವನು ನಮ್ಮ ಮುತ್ತಜ್ಜನ ಮುತ್ತಜ್ಜ. ಬೀಳಲೇ ಇಲ್ಲ ಆತ. ಆತ ಕೈಯಾರೆ ಬರೆದ ಕಾಗದ ನಮ್ಮನೇಲಿದೆ."

ಮೇಡಂ ಪೆನ್ನು ತೆಗೆದರು. ಆದರೆ ನಾನು ನೋಡಿದ್ದು ಭಾವನ ಮುಖವನ್ನು. ಬೆಳಗಾಯಿತು ಅಲ್ಲಿ.

"ಕಾಗದ ಇದೆಯೇನಯ್ಯಾ? ಇಷ್ಟು ವರ್ಷ ಬಾಯೇ ಬಿಡಲಿಲ್ಲವಲ್ಲೋ!" ಎಂದು ನನ್ನ ಭುಜ ಹಿಡಿದುಕೊಂಡರು. ಮೇಡಂ ಕಡೆ ತಿರುಗಿ, "ಬರ್ಕೊಳ್ಳಿ ಮೇಡಂ. ಕೆಳಗೆ ನಾನು ಸಹಿ ಹಾಕ್ತೀನಿ. ಇದು ನನ್ನ ಜವಾಬ್ದಾರಿ," ಎಂದರು. ಮೇಡಂ ಕೈಯಿಂದ ಪೆನ್ನನ್ನೂ ಇಸಿದುಕೊಂಡರು.

ನಾನು ಬಾವುಟದ ಹಿಂದೆ ಮುಖ ಮರೆಸಿಕೊಂಡೆ.

"ಸ್ವಲ್ಪ ತಡೀರಿ," ಎಂದಳು ಅಕ್ಕ. "ಇವನ ಕಾಲರಿನ ಒಳಗಡೆ ಅದೇನೋ ಚೀಟಿ ಇಣುಕ್ತಾ ಇದೆ." ಗುಂಡುಪಿನ್ನು ಕಿತ್ತು, ಚೀಟಿಯನ್ನು ಎಲ್ಲರಿಗೂ ಕೇಳುವಂತೆ ಓದಿದಳು. "'ಹಲ್ಲಿನ ಡಾಕ್ಟರು. ಮದುವೆ ಕೋಟು. ಭಾನುವಾರ ಸಂಜೆ ಆರಕ್ಕೆ ಕೊಡುವುದು.' ಏನೋ ತಮ್ಮಾ, ನಮ್ಮ ಮುತ್ತಜ್ಜ ಹಲ್ಲು ಕೀಳ್ತಿದ್ದನೇನೋ?"

ಸತ್ತು ಎದ್ದವರೆಲ್ಲ ಸುತ್ತ ಸೇರಿದ್ದರು. ಒಬ್ಬನೂ ನಗಲಿಲ್ಲ. ನಕ್ಕಿದ್ದರೆ ಇನ್ನೊಂದು ಸುಳ್ಳು ಹೇಳಿ ಪಾರಾಗುತ್ತಿದ್ದೆನೋ ಏನೋ.

"ಭಾವ, ಸಹಿ ಹಾಕ್ಬೇಡಿ," ಎಂದೆ. "ಮೂವತ್ತು ಜನರ ಉಡುಪು ಹೊಲಿದೆ, ನನ್ನದು ಹೊಲಿಯೋಕೆ ಆಗ್ಲಿಲ್ಲ. ಬಟ್ಟೆ ಕತ್ತರಿಸೇ ಇಲ್ಲ. ಬಾವುಟದವನದು ಎಲ್ಲಕ್ಕಿಂತ ಭರ್ಜರಿ ಇರುತ್ತೆ ಅಂತ ನಿಮ್ಮ ಹತ್ರ ಜಂಬ ಕೊಚ್ಚಿದ್ದೆ. ಬೆಳಿಗ್ಗೆ ಅಂಗಡೀಲಿ ಈ ಕೋಟು ನೇತಾಡ್ತಿತ್ತು, ನೀಲಿ ಬಣ್ಣ, ಜರಿ ಅಂಚು. ಹಾಕ್ಕೊಂಡು ಬಂದೆ. ಬಂದು ನೋಡಿದ್ರೆ ನೀರಿನ ಪೈಪು ಒಡೆದು ನನ್ನ ವೃತ್ತದ ತುಂಬ ಕೆಸರು. ಬಿದ್ರೆ ಕೋಟಿನ ಗತಿ?"

"ಅಂದ್ರೆ ಕಾಗದ?"

"ಇಲ್ಲ."

"ನಿಮ್ಮ ಮುತ್ತಜ್ಜನ ಮುತ್ತಜ್ಜ?"

"ಯಾರೋ ಏನೋ ಗೊತ್ತಿಲ್ಲ ಭಾವ. ನಮಗೆ ಗೊತ್ತಿರೋರೆಲ್ಲ ದರ್ಜಿಗಳೇ. ಸೂಜಿ ಚುಚ್ಚಿದ್ರೇ ಕಿರುಚೋ ಜನ."

ಭಾವ ಪೆನ್ನಿನ ಮುಚ್ಚಳ ಹಾಕಿ ಮೇಡಂಗೆ ವಾಪಸು ಕೊಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೇಡಂ ವಾಚು ನೋಡಿಕೊಂಡು, "ನನಗಿನ್ನೂ ಇಪ್ಪತ್ತು ನಿಮಿಷ ಇದೆ ಮೇಷ್ಟ್ರೇ," ಎಂದರು.

ಭಾವ ನನ್ನ ಕಡೆ ತಿರುಗಿದರು. "ಕೋಟು ಬಿಚ್ಚು."

"ಭಾವ, ಒಳಗೆ ಬರೀ ಬನಿಯನ್ನು. ಅದೂ ತೂತು."

"ಬಿಚ್ಚಿ, ಸಾಯಿ."

ಅಕ್ಕ ಕೋಟನ್ನು ಮಡಿಸಿ ತೋಳಿನ ಮೇಲೆ ಹಾಕಿಕೊಂಡಳು. ಬೇಕರಿಯವನನ್ನೂ ಅವನ ಸೈನ್ಯವನ್ನೂ ವಾಪಸು ಕರೆಸಿದ್ದಾಯಿತು. ಮದ್ದು ಮುಗಿದಿದ್ದರಿಂದ ಅವನು ಬಾಯಲ್ಲೇ "ಢಂ" ಎಂದ, ಬೇಕಾದ್ದಕ್ಕಿಂತ ಜೋರಾಗಿ. ನಾನು ತೂತು ಬನಿಯನ್ನಿನಲ್ಲಿ ಬಾವುಟದ ಸಮೇತ ಮಕಾಡೆ ಬಿದ್ದೆ. ಕಿವಿಯವರೆಗೆ ಕೆಸರು. ಕೋಟೆಯ ಸೈನ್ಯ ಓಡಿತು, ಹೊಳೆಯಾಚೆಯವರು ಧಡಧಡ ಸೇತುವೆ ದಾಟಿದರು.

ಸೀಟಿ ಮಾತ್ರ ಎಷ್ಟು ಹೊತ್ತಾದರೂ ಊದಲಿಲ್ಲ. ಭಾವ ಬೇಕೆಂದೇ ಊದಲಿಲ್ಲ ಎಂದು ನನ್ನ ಗುಮಾನಿ. ತಲೆ ಎತ್ತಲು ನನಗೂ ಮುಖವಿರಲಿಲ್ಲ, ಅಲ್ಲಿಂದಲೇ ಕೇಳಿಸಿಕೊಂಡೆ. ಫಿರಂಗಿಯ ಅಗಲ ಎಷ್ಟು, ಗೋದಾಮಿನ ಬಾಗಿಲಲ್ಲಿ ಹಿಡಿಸುತ್ತದೆಯೇ ಎಂದು ಮೇಡಂ ಕೇಳುತ್ತಿದ್ದರು. ಭಾವ ತಡವರಿಸಿದರು.

"ಮೂರು ಅಡಿ ಎರಡಂಗುಲ," ಎಂದಳು ಅಕ್ಕ. "ದಿನಾ ಅಡ್ಡಡ್ಡ ದಾಟ್ತೀನಲ್ಲ, ನನಗೆ ಗೊತ್ತಿಲ್ವಾ? ಬಾಗಿಲು ಚಿಕ್ಕದಿದ್ರೆ ಹೇಳಿ, ಗೋಡೆ ಒಡೆಸಿ ಕೊಡೋಣ."