ಕೆಂಚಿಗೆ ಗರಿ ಬಂದದ್ದು

ನಮ್ಮ ಹಿತ್ತಲಲ್ಲಿ ಇದ್ದದ್ದು ಮೂರೇ ಕೋಳಿ. ಎರಡು ಬಿಳಿಯವು, ಹೆಸರಿಟ್ಟು ಕರೆಯುವಷ್ಟು ಸಲಿಗೆಯನ್ನು ಅವು ಯಾರಿಗೂ ಕೊಟ್ಟವಲ್ಲ. ಮೂರನೆಯದು ಕೆಂಚಿ. ಇಟ್ಟಿಗೆ ಬಣ್ಣ, ದಪ್ಪ ಮೈ. ಬಾಗಿಲು ತೆರೆದಿದ್ದರೆ ಸೀದಾ ಅಡುಗೆಮನೆಗೆ ಬಂದು, ಅತ್ತೆ ಸೊಸೆಯ ಅಡುಗೆಮನೆ ನೋಡುವ ಹಾಗೆ ಮೂಲೆಮೂಲೆ ನೋಡಿ, ಏನೋ ಗೊಣಗಿಕೊಂಡು ಹೊರಗೆ ಹೋಗುತ್ತಿತ್ತು. ಎತ್ತಿಕೊಂಡರೆ ತೊಡೆಯ ಮೇಲೆ ಸುಮ್ಮನೆ ಕೂರುತ್ತಿತ್ತು.

ಅದರ ಬೆನ್ನಿನ ಮೇಲೆ ಅಂಗೈಯಗಲ ಬರಿ ಚರ್ಮ ಕಂಡ ದಿನ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಕೋಳಿ ವರ್ಷಕ್ಕೊಮ್ಮೆ ಹಳೆ ಗರಿ ಉದುರಿಸಿ ಹೊಸದು ತಂದುಕೊಳ್ಳುವುದು ಇದ್ದದ್ದೇ. ಆದರೆ ಹದಿನೈದು ದಿನದಲ್ಲಿ ಬೆನ್ನು ಹೋಗಿ ಎದೆ ಹೋಯಿತು, ಬಾಲದ ಬುಡ ಹೋಯಿತು. ಮೈ ಕೆಂಪಾಗಿ, ಮುಟ್ಟಿದರೆ ಜ್ವರ ಬಂದವರ ಹಣೆಯ ಹಾಗೆ ಸುಡುತ್ತಿತ್ತು. ಮೊಟ್ಟೆ ಇಡುವುದೂ ನಿಂತಿತು.

ಮನೆಯಲ್ಲಿ ನಾವು ಮೂವರು. ನನ್ನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನಾನು ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಹರಿದ ಬೆಡ್‌ಶೀಟು, ಗೌನು ಹೊಲಿಯುವವಳು. ಮೂರನೆಯವರು ನನ್ನ ಗಂಡನ ಅಕ್ಕ. ನಾನು ಅತ್ತಿಗೆ ಎಂದು ಕರೆಯುತ್ತಿದ್ದೆ. ತಾಯಿ ಸತ್ತಾಗ ನನ್ನ ಗಂಡನಿಗೆ ಆರು ವರ್ಷ, ಅವರಿಗೆ ಹದಿನೇಳು. ತಮ್ಮನನ್ನು ಸಾಕಲು ದಿಂಬಿನ ಕಾರ್ಖಾನೆ ಸೇರಿದವರು ಮದುವೆಯ ಮಾತನ್ನೇ ಎತ್ತದೆ ಮೂವತ್ತೆಂಟು ವರ್ಷ ಅಲ್ಲೇ ದುಡಿದರು. ನಾನು ಈ ಮನೆಗೆ ಬಂದಾಗ ಚಾವಿಯ ಗೊಂಚಲನ್ನು ನನ್ನ ಕೈಗಿಟ್ಟು, "ಇನ್ಮೇಲೆ ನಿಂದು. ನಾನು ಬಾಡಿಗೆಯವಳ ಹಾಗೆ ಇರ್ತೀನಿ," ಎಂದು ನಕ್ಕಿದ್ದರು. ಈಚೆಗೆ ಎರಡು ವರ್ಷದಿಂದ ಅವರ ನೆನಪು ಎಲ್ಲೆಲ್ಲಿಗೋ ಹೋಗಿ ಬರುತ್ತಿತ್ತು. ಒಂದು ದಿನ ನನ್ನ ಗಂಡನನ್ನು ಗುರುತು ಹಿಡಿದು, ಮರುದಿನ ಅವನನ್ನೇ, "ಯಾರ ಮನೆಯವರಪ್ಪ ನೀವು?" ಎಂದು ಕೇಳುತ್ತಿದ್ದರು. ನಾವಿಬ್ಬರೂ ಕೆಲಸಕ್ಕೆ ಹೋದರೆ ಬೆಳಗ್ಗೆ ಏಳರಿಂದ ಮೂರರವರೆಗೆ ಅವರೊಬ್ಬರೇ.

ಕೆಂಚಿಗೆ ನಾನು ಮಾಡದ ಉಪಚಾರವಿಲ್ಲ. ಗೂಡನ್ನು ತೊಳೆದು ಸಂದುಗೊಂದಿಗೆಲ್ಲ ಸುಣ್ಣ ಬಳಿದೆ. ಹೇನಿದ್ದರೆ ಸಾಯಲಿ ಎಂದು, ಅದು ಹೊರಳಾಡುವ ಮಣ್ಣಿಗೆ ಬೂದಿ ಬೆರೆಸಿದೆ. ಬಿಳಿಯವು ಕುಕ್ಕುತ್ತಿರಬಹುದೆಂದು ಪಂಜರ ತಂದು ಕೆಂಚಿಯನ್ನು ಬೇರೆ ಮಾಡಿ ಹಿಂದಿನ ಜಗಲಿಯಲ್ಲಿ, ಅತ್ತಿಗೆಯ ಕೋಣೆಯ ಬಾಗಿಲ ಎದುರಿಗೇ ಇಟ್ಟೆ. ಒಬ್ಬರಿಗೊಬ್ಬರು ಜೊತೆಯಾದೀತು ಎಂದುಕೊಂಡೆ. ಅದಾದ ಮೇಲೆ ಗರಿ ಇನ್ನೂ ಬೇಗ ಹೋಗತೊಡಗಿತು.

ಬುಟ್ಟಿಯಲ್ಲಿ ಕೂರಿಸಿಕೊಂಡು ದನದ ಡಾಕ್ಟರ ಹತ್ತಿರ ಹೋದೆ. ಅವರು ರೆಕ್ಕೆ ಬಿಡಿಸಿ, ಬುಡ ನೋಡಿ, ಕನ್ನಡಕ ಹಣೆಗೇರಿಸಿಕೊಂಡು ಮತ್ತೆ ನೋಡಿದರು.

"ಹೇನಿಲ್ಲ, ಹುಣ್ಣಿಲ್ಲ. ಉದುರಿದ ಗರಿ ಎಲ್ಲಿ ಬಿದ್ದಿರುತ್ತಮ್ಮ?"

ಆಗ ಹೊಳೆಯಿತು. ಹಿತ್ತಲಲ್ಲಾಗಲಿ ಪಂಜರದಲ್ಲಾಗಲಿ ನಾನು ಗುಡಿಸಿದ್ದು ನಾಲ್ಕೋ ಐದೋ ಗರಿ. "ಗಾಳಿಗೆ ಹೋಗಿರಬೇಕು, ಸಾರ್," ಎಂದೆ.

"ಇರ್ಲಿ. ಬಿಸಿಲಿಗೆ ಬಿಡಬೇಡಿ. ಬೇಯಿಸಿದ ಮೊಟ್ಟೆ, ಒಣಮೀನು ಪುಡಿ ಮಾಡಿ ಕೊಡಿ. ಗರಿ ಆಗೋದೇ ಅದರಿಂದ. ಹೊಸ ಗರಿ ಬರೋವಾಗ ಮಾತ್ರ ಮುಟ್ಟಕ್ಕೆ ಹೋಗಬೇಡಿ, ಒಳಗೆ ರಕ್ತ ಇರುತ್ತೆ, ನೋಯುತ್ತೆ."

ಕೋಳಿಗೆ ಕೋಳಿಮೊಟ್ಟೆ ತಿನ್ನಿಸುವುದು ನನಗೆ ಯಾಕೋ ಸರಿ ಕಾಣಲಿಲ್ಲ. ಕೆಂಚಿಗೆ ಅಂಥ ಸಂಕೋಚವೇನೂ ಇರಲಿಲ್ಲ, ತಟ್ಟೆ ಸಮೇತ ತಿಂದಿತು. ಲಾಂಡ್ರಿಯಲ್ಲಿ ಬಿಸಾಡಲು ಇಟ್ಟಿದ್ದ ಹಸಿರು ಬಟ್ಟೆಯ ತುಂಡು ತಂದು ಒಂದು ಅಂಗಿಯನ್ನೂ ಹೊಲಿದೆ. ಹೊಟ್ಟೆಯ ಕೆಳಗೆ ಎರಡು ಲಾಡಿ. ಅದನ್ನು ತೊಟ್ಟ ಕೆಂಚಿ ಆಪರೇಷನ್‌ಗೆ ತಡವಾದ ಡಾಕ್ಟರ ಹಾಗೆ ಜಗಲಿಯ ತುಂಬ ದಾಪುಗಾಲು ಹಾಕಿತು. ನನ್ನ ಗಂಡ ತಟ್ಟೆ ಕೆಳಗಿಟ್ಟು ನಕ್ಕ. ಅತ್ತಿಗೆ ಮಾತ್ರ ನಗಲಿಲ್ಲ. ಲಾಡಿಯ ಗಂಟನ್ನೇ ನೋಡುತ್ತಿದ್ದರು.

ಮರುದಿನ ಕೆಲಸದಿಂದ ಬಂದಾಗ ಅಂಗಿ ಪಂಜರದ ಮೇಲಿತ್ತು. ಹರಿದಿರಲಿಲ್ಲ, ಲಾಡಿ ಬಿಚ್ಚಿ ನಾಲ್ಕು ಮಡಿಕೆ ಮಾಡಿ ಇಟ್ಟಿತ್ತು. ಕೆಂಚಿಯ ರೆಕ್ಕೆಯ ಕೆಳಗೆ ಹೊಸದಾಗಿ ಬೋಳಾಗಿತ್ತು. ಮತ್ತೆ ತೊಡಿಸಿದೆ. ಮರುದಿನವೂ ಅದೇ. ಇದು ಹೇನಲ್ಲ, ಕೋಳಿಯಲ್ಲ, ಮನುಷ್ಯರ ಕೈ ಎಂದು ಗೊತ್ತಾದದ್ದೇ ನನಗೆ ಪಕ್ಕದ ಮನೆಯ ಮೇಷ್ಟರ ಮುಖ ಕಣ್ಣಮುಂದೆ ಬಂತು. ರಿಟೈರಾದ ಮೇಲೆ ಸೊಪ್ಪಿನ ಮಡಿಯೇ ಅವರಿಗೆ ಮಕ್ಕಳು ಮರಿ. ಕೆಂಚಿ ಎರಡು ಸಲ ಗೋಡೆ ಹಾರಿ ಅದನ್ನು ಕೆದಕಿ ಬಂದಿತ್ತು. ಅವರು ಬಾಯಿಬಿಟ್ಟು ಬೈದಿರಲಿಲ್ಲ. ಬಾಯಿಬಿಡದವರ ಮೇಲೆ ಅನುಮಾನ ಇನ್ನೂ ಜಾಸ್ತಿ. ಸೀದಾ ಹೋಗಿ ಅವರ ಬಾಗಿಲು ಬಡಿದೆ.

"ಮೇಷ್ಟ್ರೇ, ನಿಮ್ಮ ಸೊಪ್ಪು ತಿಂದಿದ್ರೆ ನನ್ನ ಹತ್ರ ಜಗಳ ಆಡಿ. ಬಾಯಿಲ್ಲದ ಪ್ರಾಣಿ ಗರಿ ಕೀಳ್ತೀರಲ್ಲ, ಕೈ ಹೇಗೆ ಬಂತು ನಿಮಗೆ?"

ಅವರ ಮುಖ ಕೆಂಪಾಯಿತು. ಬೈಯುತ್ತಾರೆ ಎಂದುಕೊಂಡೆ. ಅವರು ಬಾಗಿಲ ಚಿಲಕವನ್ನು ಎರಡು ಸಲ ಸುಮ್ಮನೆ ತಿರುಗಿಸಿದರು.

"ನನಗೂ ಕೋಳಿಗೂ ಆಗಲ್ಲ, ನಿಜ," ಎಂದರು. "ಆದ್ರೆ ಆ ಕೆಲಸ ನನ್ನದಲ್ಲಮ್ಮ. ಒಂದಿನ ಹನ್ನೊಂದು ಗಂಟೆ ಹೊತ್ತಿಗೆ ಮನೆಗೆ ಬಂದು ನೀವೇ ನೋಡಿ. ನನಗೆ ಹೇಳಕ್ಕೆ ಬಾಯಿ ಬರಲ್ಲ."

ಮರುದಿನ ಸೂಪರ್‌ವೈಸರ್ ಹತ್ತಿರ ತಲೆನೋವೆಂದು ಸುಳ್ಳು ಹೇಳಿ ಹತ್ತೂವರೆಗೇ ಹೊರಟೆ. ಮುಂಬಾಗಿಲು ತೆಗೆಯದೆ ಮನೆಯ ಪಕ್ಕದ ಓಣಿಯಿಂದ ಹಿಂದಕ್ಕೆ ಬಂದೆ.

ಅತ್ತಿಗೆ ಗೋಡೆಗೆ ಬೆನ್ನು ಕೊಟ್ಟು ಮೋಟು ಸ್ಟೂಲಿನ ಮೇಲೆ ಕೂತಿದ್ದರು. ಕೆಂಚಿ ತೊಡೆಯ ಮೇಲಿತ್ತು. ಅದರ ತಲೆಯನ್ನು ಎಡ ಕಂಕುಳಲ್ಲಿ ಅಡಗಿಸಿಕೊಂಡಿದ್ದರು. ಕಣ್ಣಿಗೆ ಕತ್ತಲಾದರೆ ಕೋಳಿ ಅಲ್ಲಾಡುವುದಿಲ್ಲ. ಹಸಿರು ಅಂಗಿ ಪಕ್ಕದಲ್ಲಿ ಮಡಿಸಿ ಇಟ್ಟಿತ್ತು. ಊಟದ ತಟ್ಟೆಯಿಂದ ತುತ್ತು ಬಾಯಿಗೆ ಒಯ್ಯಲು ನಡುಗುವ ಅದೇ ಬಲಗೈ ಈಗ ಒಂದಿಷ್ಟೂ ನಡುಗುತ್ತಿರಲಿಲ್ಲ. ಎರಡು ಬೆರಳು ಬುಡಕ್ಕೆ ಇಳಿದು, ಚರ್ಮ ಒತ್ತಿ ಹಿಡಿದು, ಚಿಟ್ಟನೆ ಮೇಲೆ ಬರುತ್ತಿದ್ದವು. ಮೆತ್ತನೆಯ ಪುಕ್ಕ ದಿಂಬಿನ ಚೀಲದೊಳಕ್ಕೆ, ಕಡ್ಡಿ ಇರುವ ಗರಿ ಕಾಲಬಳಿಯ ಕಾಗದದ ಮೇಲೆ. ಒಂದೊಂದು ಸಲ ಕಿತ್ತಾಗಲೂ ಕೆಂಚಿಯ ಕಾಲು ಸೆಟೆದು ಮತ್ತೆ ಸಡಿಲವಾಗುತ್ತಿತ್ತು. ಸದ್ದಿಲ್ಲ. ನನ್ನ ನೆರಳು ಬಿದ್ದದ್ದನ್ನು ನೋಡಿ ಅವರು ತಲೆ ಎತ್ತಿದರು.

"ಮೇಡಂ, ಇವತ್ತು ಬೇಗ ಬಂದ್ರಾ? ಸ್ವಲ್ಪ ಉಳಿದಿದೆ. ಮುಗಿಸೇ ಹೋಗ್ತೀನಿ. ನಮ್ಮ ತಮ್ಮ ಸ್ಕೂಲಿಂದ ಬರೋದು ನಾಲ್ಕಕ್ಕೆ."

ನನಗೆ ಏನಾಯಿತೋ ಗೊತ್ತಿಲ್ಲ. ವಾರಗಟ್ಟಲೆ ಸುಣ್ಣ ಬಳಿದದ್ದು, ಮೀನು ಪುಡಿ ಮಾಡಿದ್ದು, ಮೇಷ್ಟರ ಮುಂದೆ ಮಾನ ಕಳೆದುಕೊಂಡದ್ದು ಎಲ್ಲ ಒಟ್ಟಿಗೆ ನುಗ್ಗಿ ಬಂತು. ಹೋಗಿ ಅವರ ಕೈ ಮೇಲೆ ಪಟ್ಟೆಂದು ಹೊಡೆದೆ. ಮಕ್ಕಳಿಗೆ ಹೊಡೆಯುವ ಹಾಗಲ್ಲ. ನೋಯಲಿ ಎಂದೇ ಹೊಡೆದೆ. ಕೆಂಚಿ ಅರಚಿಕೊಂಡು ಕೆಳಗೆ ಬಿತ್ತು. ಅತ್ತಿಗೆ ಆ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಕೈ ನಿಧಾನ ಆಯ್ತಾ ಮೇಡಂ?" ಎಂದರು. "ನಾಳೆಯಿಂದ ಬೇಗ ಬೇಗ ಮಾಡ್ತೀನಿ. ಕೆಲಸದಿಂದ ತೆಗೀಬೇಡಿ."

ನಾನು ಅವರನ್ನು ಒಳಗೆ ಕರೆದುಕೊಂಡು ಹೋಗಿ ಮಲಗಿಸಿದೆ. ಮಣಿಕಟ್ಟಿನ ಮೇಲೆ ನನ್ನ ಬೆರಳಿನ ಬರೆ ಕೆಂಪಗೆ ಎದ್ದಿತ್ತು. ಎಣ್ಣೆ ಹಚ್ಚಿದೆ. ಸಂಜೆ ಗಂಡ ಬಂದು, "ಎಲ್ಲಾ ಸರಿನಾ?" ಎಂದು ಕೇಳಿದಾಗ, "ಹೂಂ, ಬಿಳಿಯವು ಪಂಜರದ ಸಂದಿಯಿಂದ ಕುಕ್ಕುತ್ತಿದ್ದವು, ಗೊತ್ತಾಯ್ತು," ಎಂದೆ. ಅವನ ಅಕ್ಕನ ಮಾತು ಬಂದರೆ ಅವನ ದನಿಯೇ ಬೇರೆಯಾಗುತ್ತಿತ್ತು. ಹೇಳುವ ಧೈರ್ಯ ನನಗೆ ಬರಲಿಲ್ಲ.

ಮೇಷ್ಟರ ಬಳಿ ಹೋಗಿ ತಪ್ಪಾಯಿತು ಎಂದೆ. ಅವರು ಒಂದು ಕಟ್ಟು ಸೊಪ್ಪು ಕಿತ್ತು ಕೊಟ್ಟರು.

ಅಂದಿನಿಂದ ಕೆಲಸಕ್ಕೆ ಹೋಗುವಾಗ ಜಗಲಿಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದೆ. ಕೆಂಚಿಯ ಪಂಜರವನ್ನು ಹಿತ್ತಲ ಮೂಲೆಗೆ, ಸೌದೆ ಇಡುವ ಮಾಡಿನ ಕೆಳಗೆ ಸಾಗಿಸಿದೆ. ಎರಡು ವಾರಕ್ಕೆ ಅದರ ಬೆನ್ನಿನ ತುಂಬ ನೀಲಿ ಮೊಳಕೆಗಳು ಎದ್ದವು. ಪೆನ್ನಿನ ರೀಫಿಲ್ ತುಂಡು ಮಾಡಿ ನೆಟ್ಟ ಹಾಗೆ. ಡಾಕ್ಟರು ಹೇಳಿದಂತೆ ಮುಟ್ಟಲಿಲ್ಲ. ಕುಸುಬೆ, ಮೀನು, ಮೊಟ್ಟೆ ಇಟ್ಟು ದೂರ ಕೂರುತ್ತಿದ್ದೆ. ಮೊಳಕೆಯ ತುದಿ ಬಿರಿದು ಕುಂಚದ ಹಾಗೆ ಬಣ್ಣ ಹೊರಗೆ ಬಂತು. ಎರಡು ತಿಂಗಳಿಗೆ ಕೆಂಚಿ ಮೊದಲಿಗಿಂತ ಹೊಳೆಯುವ ಮೈ ಹೊತ್ತುಕೊಂಡು ಬಿಳಿಯವುಗಳ ನಡುವೆ ಓಡಾಡತೊಡಗಿತು. ಮೊಟ್ಟೆಯೂ ಇಟ್ಟಿತು. ಅಡುಗೆಮನೆಗೆ ಮಾತ್ರ ಮತ್ತೆ ಬರಲಿಲ್ಲ. ಕೈ ಚಾಚಿದರೆ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿತ್ತು, ಅದು ನನ್ನ ಕೈಯಾದರೂ ಸರಿಯೇ.

ಒಳಗೆ ಅತ್ತಿಗೆಯ ಕೈ ಸುಮ್ಮನಿರಲಿಲ್ಲ. ಮೊದಲು ಹೊದಿಕೆಯ ಎಳೆ ಬಿಡಿಸಿದರು. ಆಮೇಲೆ ಶಾಲಿನ ಅಂಚು. ಅದೂ ಮುಗಿದ ಮೇಲೆ ಹುಬ್ಬಿಗೆ ಕೈ ಹಾಕಿದರು. ಒಂದು ದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಅವರ ಬಲಗಡೆಯ ಕೆನ್ನೆಗೂದಲು ಖಾಲಿಯಾಗಿ, ಕಿವಿಯ ಮೇಲೆ ಕೆಂಪು ಚುಕ್ಕೆಗಳೆದ್ದಿದ್ದವು. ಮಡಿಲಲ್ಲಿ ಬಿಳಿಕೂದಲು ಎರಡು ಗುಂಪಾಗಿ ಬಿದ್ದಿತ್ತು, ಉದ್ದದ್ದು ಒಂದು ಕಡೆ, ಗಿಡ್ಡದ್ದು ಒಂದು ಕಡೆ.

ಲಾಂಡ್ರಿಯಲ್ಲಿ ಕೆಲಸಕ್ಕೆ ಬಾರದೆಂದು ಬಿಟ್ಟಿದ್ದ ಹತ್ತಿಯ ದಿಂಬು ತಂದು ಬಿಚ್ಚಿ ಮುಂದಿಟ್ಟೆ. ಅವರು ಒಂದು ಹಿಡಿ ತೆಗೆದು ಬೆರಳಲ್ಲಿ ಉಜ್ಜಿ, ಮೂಸಿ, ವಾಪಸ್ಸು ಹಾಕಿದರು.

"ಇದು ಹತ್ತಿ. ನಮ್ಮದು ಗರಿ ಸೆಕ್ಷನ್," ಎಂದರು.

ಒಂದು ಸಂಜೆ ಗಂಡ ಅಕ್ಕನ ತಲೆಗೆ ಎಣ್ಣೆ ಹಚ್ಚಲು ಕೂತವನು ಕೈ ನಿಲ್ಲಿಸಿದ. "ಇದೇನೇ, ಇಲ್ಲಿ ಕೂದಲೇ ಇಲ್ಲ?"

ವಯಸ್ಸಾಯ್ತಲ್ಲ ಎನ್ನಲು ಬಾಯಿ ತೆರೆದೆ. ಆಗಲಿಲ್ಲ. ಎಲ್ಲ ಹೇಳಿದೆ, ಸ್ಟೂಲು, ಕಂಕುಳು, ದಿಂಬಿನ ಚೀಲ, ಹೊರಗಿನ ಚಿಲಕ. ಹೊಡೆದದ್ದನ್ನೂ ಹೇಳಿದೆ. ಅವನು ಎಣ್ಣೆಯ ಬಟ್ಟಲನ್ನು ನೆಲದ ಮೇಲಿಟ್ಟ.

"ಯಾವ ಕೈಗೆ ಹೊಡೆದೆ?"

"ಬಲಗೈಗೆ."

ನಾಲ್ಕು ದಿನ ಅವನು ನನ್ನ ಜೊತೆ ಮಾತಾಡಲಿಲ್ಲ. ಐದನೆಯ ದಿನ ರಜಾ ಇತ್ತು. ಹಿತ್ತಲಿಗೆ ಹೋಗಿ ಕೆಂಚಿಯನ್ನು ಹಿಡಿದು ತಂದ. ಅದು ಅವನ ಕೈಯಲ್ಲೇ ಒದ್ದಾಡುತ್ತಿತ್ತು. "ಸುಮ್ನೆ ತೊಡೆ ಮೇಲೆ ಇಟ್ಕೊಳ್ಳಲಿ. ನಾನು ಅಕ್ಕನ ಕೈ ಹಿಡ್ಕೊಂಡಿರ್ತೀನಿ," ಎಂದ. ನಾನು ಬೇಡವೆನ್ನಲಿಲ್ಲ, ನನಗೆ ಆ ಹಕ್ಕು ಉಳಿದಿರಲಿಲ್ಲ. ಕೋಣೆಯ ಬಾಗಿಲಿಗೆ ಬಂದದ್ದೇ ತಡ, ಕೆಂಚಿ ಅತ್ತಿಗೆಯನ್ನು ಕಂಡು ಹುಚ್ಚು ಹಿಡಿದಂತೆ ಕೂಗಿತು. ಅವನ ಮುಂಗೈ ಪರಚಿ, ಕಿಟಕಿಗೆ ಬಡಿದು, ಕಪಾಟಿನ ಮೇಲೆ ಹಾರಿ ಗೋಡೆಗೆ ಅಂಟಿಕೊಂಡಿತು. ಒಂದು ಗರಿ ನೆಲಕ್ಕೆ ಬಿತ್ತು. ಅತ್ತಿಗೆ ಅದರತ್ತ ನೋಡಲೂ ಇಲ್ಲ, ಕಿವಿ ಮುಚ್ಚಿಕೊಂಡು ಅಳತೊಡಗಿದರು. ನಾನು ಕೋಳಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಹೊರಗೆ ಬಿಟ್ಟೆ.

ಅವನು ಡಿಪೋದಲ್ಲಿ ಕೇಳಿಕೊಂಡು ಮಧ್ಯಾಹ್ನದ ಪಾಳಿಗೆ ಬದಲಾಯಿಸಿಕೊಂಡ. ಬೆಳಗ್ಗೆ ಅವನು, ಮೂರರ ನಂತರ ನಾನು. ನಡುವಿನ ಒಂದು ಗಂಟೆ ಮೇಷ್ಟರು ತಾವಾಗಿಯೇ ಪೇಪರ್ ಹಿಡಿದುಕೊಂಡು ಬಂದು ಅತ್ತಿಗೆಯ ಕೋಣೆಯಲ್ಲಿ ಕೂರುತ್ತಿದ್ದರು. ಬಾಗಿಲಿನ ಹೊರಚಿಲಕವನ್ನು ಅವನೇ ಸ್ಕ್ರೂ ಬಿಚ್ಚಿ ತೆಗೆದ.

ಒಂದು ಬೆಳಗ್ಗೆ ಲಾಂಡ್ರಿಯ ಬಾಯ್ಲರ್ ಕೆಟ್ಟು ನಾನು ಬೇಗ ಮನೆಗೆ ಬಂದೆ. ಅವನು ಅಕ್ಕನ ಮಂಚದ ಪಕ್ಕ ನೆಲದ ಮೇಲೆ ಕೂತು, ಅಂಗಿಯ ತೋಳನ್ನು ಮೊಣಕೈಯವರೆಗೆ ಮಡಿಸಿ, ಎಡಗೈಯನ್ನು ಅವರ ಮಡಿಲಲ್ಲಿ ಚಾಚಿದ್ದ. ಅತ್ತಿಗೆ ಬಗ್ಗಿ ಆ ಕೈಯ ಕೂದಲನ್ನು ಒಂದೊಂದಾಗಿ ಕೀಳುತ್ತಿದ್ದರು. ಮಣಿಕಟ್ಟಿನಿಂದ ಅರ್ಧ ಕೈ ಆಗಲೇ ಬೋಳಾಗಿ, ಕೆಂಪಗೆ ಊದಿಕೊಂಡಿತ್ತು. ಅವರ ಹುಬ್ಬು ಅಲ್ಲಲ್ಲಿ ಮತ್ತೆ ಚಿಗುರುತ್ತಿತ್ತು.

"ನೋಯಲ್ವಾ?" ಎಂದು ಪಿಸುಗುಟ್ಟಿದೆ.

"ನೋಯುತ್ತೆ," ಎಂದ. ಕೈ ತೆಗೆಯಲಿಲ್ಲ. "ಸ್ವಲ್ಪ ಸದ್ದು ಮಾಡಬೇಡ. ಎಣಿಸ್ತಾ ಇದ್ದಾಳೆ."

ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಗೆ ಹೋದೆ.