ಮುಳ್ಳು ಕಡಿಯುವ ಸದ್ದು

“ಈ ಭಾನುವಾರದ ಊಟಕ್ಕೆ ಬಫಲೊ ಮೀನು ಬೇಡ ಅಂತ ಚರ್ಚಿನೋರಿಗೆ ಹೇಳ್ಬಿಡು. ಸಣ್ಣ ಮುಳ್ಳಿಲ್ಲದ ಕ್ಯಾಟ್‌ಫಿಶ್ ಮಾಡ್ಕೊಳ್ಲಿ. ನನ್ನ ಕೈ ಹೋಯ್ತು.”

ಅರ್ವೆಸ್ಟಾ ಅಜ್ಜಿ ಇಷ್ಟು ಹೇಳಿ ಜಗಲಿಯ ಕುರ್ಚಿಯಲ್ಲಿ ಮುಖ ತಿರುಗಿಸಿ ಕೂತಳು. ಮೊಮ್ಮಗ ಲಾಂಜೊ ಬೂಟು ಏರಿಸಿಕೊಳ್ಳುತ್ತ ಹೆಂಡತಿ ಇಡೆಲ್ಲಾಳ ಮುಖ ನೋಡಿದ. ಅವಳು ತನ್ನ ಬೂಟಿಗೆ ಕೈ ಹಾಕಿದಳು. ಗುಡ್ಡದ ಕಡೆಯಿಂದ ಮದುವೆಯಾಗಿ ವೈಟ್ ನದಿಯ ದಂಡೆಗೆ ಬಂದು ಒಂದು ಚಳಿಗಾಲವಷ್ಟೇ ಕಳೆದಿತ್ತು. ಅಜ್ಜಿಯ ಮುಂದೆ ಅವಳಿಗೆ ಇನ್ನೂ ಬಾಯಿ ಏಳುತ್ತಿರಲಿಲ್ಲ.

ಹಿಂದಿನ ವಸಂತದ ಕತೆ ಅವಳ ಕಿವಿಗೆ ಚೂರುಚೂರಾಗಿ ಬಿದ್ದಿತ್ತು. ಬಫಲೊ ಎಂಬ ದೊಡ್ಡ ಹೊಳೆಮೀನಿನ ಮಾಂಸದ ತುಂಬ ಕವಲೊಡೆದ ಸಣ್ಣ ಮುಳ್ಳುಗಳು. ಹುರುಪೆ ಕೆರೆದು, ಸೀಳಿ, ಮಾಂಸದ ಮೇಲೆ ಒತ್ತೊತ್ತಾಗಿ ಅಡ್ಡ ಗೀರು ಹಾಕಬೇಕು. ಗೀರು ಚರ್ಮ ಮುಟ್ಟಬೇಕು, ಚರ್ಮ ಹರಿಯಬಾರದು. ಹಾಗೆ ಕಡಿದ ಮುಳ್ಳು ಕಾದ ಎಣ್ಣೆಯಲ್ಲಿ ಗರಿಗರಿಯಾಗಿ ನಾಲಗೆಗೆ ಗೊತ್ತೇ ಆಗದಂತೆ ಕರಗುತ್ತದೆ. ಪ್ರತಿ ವಸಂತದ ಚರ್ಚಿನ ಊಟಕ್ಕೆ ಆ ಗೀರು ಹಾಕುವವಳು ಮೊದಲಿನಿಂದಲೂ ಅರ್ವೆಸ್ಟಾ. ಒಬ್ಬರ ಗಂಟಲಿಗೂ ಮುಳ್ಳು ಸಿಕ್ಕಿದ್ದಿಲ್ಲ. ಹೋದ ವರ್ಷ ಮಾತ್ರ ಅವಳ ಮೈದುನ ಥರ್ಮನ್‌ಗೆ ಸಿಕ್ಕಿತು. ಮುಖ ನೀಲಿಗಟ್ಟಿ, ನಾಲ್ಕು ಜನ ಬೆನ್ನು ಗುದ್ದಿ, ಅಂತೂ ಉಳಿದ. ಅಂದಿನಿಂದ ಅಜ್ಜಿ ಮೀನು ಮುಟ್ಟಿರಲಿಲ್ಲ.

ಇಡೆಲ್ಲಾಳ ತಲೆ ಕೊರೆಯುತ್ತಿದ್ದುದು ಥರ್ಮನ್‌ನ ಗಂಟಲಲ್ಲ. ಅಜ್ಜಿ ಈಗಲೂ ಸೂಜಿಗೆ ದಾರ ತಾನೇ ಪೋಣಿಸುತ್ತಾಳೆ. ಬಟಾಣಿ ಬಿಡಿಸಿದರೆ ಒಂದು ಕಾಳು ಕೆಳಗೆ ಬೀಳುವುದಿಲ್ಲ. ಇಂಥ ಕೈ ಆ ಒಂದು ದಿನ ಹೇಗೆ ತಪ್ಪಿತು?

ಕೇಳಲು ಧೈರ್ಯ ಸಾಲದೆ ಅವಳು ಗಂಡನ ಜೊತೆ ದೋಣಿ ಹತ್ತಿದಳು.

ನದಿ ಉಕ್ಕಿ ಕಾಡಿನೊಳಗೆ ನುಗ್ಗಿತ್ತು. ಮೊಟ್ಟೆಯಿಡಲು ಬಂದ ಬಫಲೊಗಳು ಮರಗಳ ಬುಡದ ತೆಳು ನೀರಿನಲ್ಲಿ ಬೆನ್ನು ಮೇಲೆ ಮಾಡಿ ಹೊರಳಾಡುತ್ತಿದ್ದವು. ಹಸುಗಳು ಹೊಳೆಗಿಳಿದ ಹಾಗೆ ಸದ್ದು. ಮರದ ದೊಡ್ಡ ಬಳೆಗಳನ್ನು ಸಾಲಾಗಿ ಕಟ್ಟಿ ಉದ್ದ ಚೀಲದಂತೆ ಹೆಣೆದ ಬಲೆಯನ್ನು ಇಬ್ಬರೂ ಸೇರಿ ಎಳೆದರು. ಒಳಗೆ ಆಳಿನ ತೊಡೆಗಾತ್ರದ ಮೀನುಗಳು ಒದ್ದಾಡುತ್ತಿದ್ದವು.

“ಇದ್ರೊಳಗೆ ಮೀನಿನ ಆಸೆಗೆ ಒಂಚೂರೂ ಹಿಂಡಿ ಇಲ್ವಲ್ಲ. ಯಾಕೆ ನುಗ್ತವೆ?” ಎಂದಳು.

“ಮದ್ವೆ ಸಂಭ್ರಮ ಕಣೇ. ದಾರಿ ನೋಡಲ್ಲ, ಮನೆ ನೋಡಲ್ಲ, ನುಗ್ಗೋದೇ.”

“ನಾನು ನಿಮ್ಮನೆಗೆ ಬಂದ ಹಾಗೆ.”

ಲಾಂಜೊ ನಕ್ಕ ರಭಸಕ್ಕೆ ದೋಣಿ ವಾಲಿತು.

ಮನೆಗೆ ಬಂದದ್ದೇ ಅವಳು ಒಂದು ಮೀನನ್ನು ಸೀಳಿದಳು. ಒಂದು ಪಾರ್ಶ್ವವನ್ನು ಕೆಡದಿರಲೆಂದು ಐಸ್ ಪೆಟ್ಟಿಗೆಯಲ್ಲಿ, ಮಂಜುಗಡ್ಡೆಯ ಕೆಳಗೆ ಇಟ್ಟು, ಇನ್ನೊಂದಕ್ಕೆ ಗೀರು ಹಾಕತೊಡಗಿದಳು. ಬೆಚ್ಚಗಿನ ಮಾಂಸ ಚಾಕುವಿನ ಮುಂದೆ ಜಾರಿ ಜಾರಿ ಹೋಗುತ್ತಿತ್ತು. ಬಾಲದ ತುಂಡನ್ನು ಕರಿದು, ತಿನ್ನದೆ, ಬೆರಳಿನಿಂದ ಬಿಡಿಸಿ ನೋಡಿದಳು. ಮುಳ್ಳುಗಳು ಬಾಗಿದ್ದವು. ಆದರೆ ತುಂಡಾಗಿರಲಿಲ್ಲ. ತಟ್ಟೆಯ ಅಂಚಿಗೆ ಅವನ್ನು ಸಾಲಾಗಿ ಜೋಡಿಸುತ್ತ ಕೂತಳು.

ಮಧ್ಯಾಹ್ನ ಕಳೆದ ಮೇಲೆ ಹಿಂಬಾಗಿಲಿಂದ ಥರ್ಮನ್ ಬಂದ.

“ಏನಮ್ಮಾ, ನನ್ನ ಪಾಲಿನ ಮುಳ್ಳು ಈಗ್ಲೇ ಎಣಿಸಿಡ್ತಿದೀಯಾ?”

ಇಡೆಲ್ಲಾಳ ಮುಖ ಕೆಂಪಾಯಿತು. ಆದರೂ ಕೇಳಿಯೇಬಿಟ್ಟಳು: “ಚಿಕ್ಕಜ್ಜ, ಹೋದ್ವರ್ಷದ ಮೀನು ಹೇಗಿತ್ತು?”

“ಅಂಥ ತಾಜಾ ಮೀನು ಜನ್ಮದಲ್ಲೇ ತಿಂದಿರ್ಲಿಲ್ಲ ಕಣಮ್ಮ! ರಸ್ತೆ ಮುಳುಗಿ ಮಂಜುಗಡ್ಡೆ ಲಾರಿ ಬರ್ಲಿಲ್ಲ ನೋಡು, ದೋಣಿಯಿಂದ ಸೀದಾ ಬಾಣಲೆಗೆ. ಪಾದ್ರಿಗಳೂ ಹೊಗಳಿದ್ರು. ಉಸ್ರು ಕಟ್ಟೋವರ್ಗೂ ನಾನೂ ಹೊಗಳ್ತಾನೇ ಇದ್ದೆ.”

ಅವಳ ಕೈ ನಿಂತಿತು. ಎದ್ದು ಹೋಗಿ ಪೆಟ್ಟಿಗೆಯ ಪಾರ್ಶ್ವವನ್ನು ತಂದಳು. ಮಾಂಸ ಬಿಗಿದು ಗಟ್ಟಿಯಾಗಿತ್ತು. ಚಾಕು ಇಟ್ಟು ಒತ್ತಿದಳು.

ಕರ್‌ರ್.

ಇನ್ನೊಂದು ಗೀರು. ಕರ್‌ರ್. ಒಣ ಕಡ್ಡಿ ಮುರಿದ ಹಾಗೆ ಮುಳ್ಳು ಕಡಿಯಿತು.

“ಯಾರದು ಕೊಯ್ತಿರೋದು?” ಜಗಲಿಯಿಂದ ಅಜ್ಜಿ ಕೂಗಿದಳು. ಸ್ವಲ್ಪ ಹೊತ್ತಿಗೆ ತಾನೇ ಬಾಗಿಲಲ್ಲಿ ನಿಂತಳು. “ಲಾಂಜೊ ಅಂದ್ಕೊಂಡೆ. ನೀನಾ?”

“ಒಂದೇ ಮೀನು ಅಜ್ಜಿ. ಅದೇ ಚಾಕು. ಬೆಚ್ಚಗಿದ್ದಾಗ ಸದ್ದೇ ಇರ್ಲಿಲ್ಲ.” ಇಡೆಲ್ಲಾಳ ದನಿ ಸಣ್ಣದಾಯಿತು. “ಹೋದ್ವರ್ಷ... ನಿಮಗೆ ಈ ಸದ್ದು ಕೇಳಿಸಿತ್ತಾ?”

ಅಜ್ಜಿ ತಟ್ಟೆಯಂಚಿನ ಮುಳ್ಳುಗಳನ್ನು ಬೆರಳಿನಿಂದ ಸರಿಸಿ ನೋಡಿದಳು.

“ಅಂಗಳದ ತುಂಬ ಜನ ಹಾಡ್ತಿದ್ರು. ಸದ್ದು ಇದ್ದೇ ಇರತ್ತೆ ಅಂದ್ಕೊಂಡೆ. ಯಾವಾಗ್ಲೂ ಶುಕ್ರವಾರ ಮಂಜುಗಡ್ಡೆ ಬರೋದು, ಮೀನು ಅದರಲ್ಲೇ ಮಲಗಿರೋದು. ಕೆಡಬಾರ್ದು ಅಂತ ಇಡ್ತಿದ್ವೇ ಹೊರತು...” ಅವಳು ತಟ್ಟೆಯನ್ನು ಆಚೆ ತಳ್ಳಿದಳು. ಆಮೇಲೆ ತಟ್ಟನೆ ಎಂದಳು, “ನೀನು ಹೊಸಬಳು. ನಿನ್ನ ಕೈಗೆ ಜಾರಿರಬಹುದು. ದೋಣಿಲಿ ಇನ್ನೂ ಮೀನಿದ್ಯಾ?”

ಲಾಂಜೊ ಜೀವಂತ ಮೀನೊಂದನ್ನು ತಂದು ಕೊಂದು ಸೀಳಿಕೊಟ್ಟ. ಅಜ್ಜಿ ಅಂಗಿಯ ತೋಳು ಮಡಚಿ ಚಾಕು ಹಿಡಿದಳು. ವರ್ಷವಾಗಿತ್ತು, ಆದರೂ ಗೀರುಗಳು ಬಾಚಣಿಗೆಯ ಹಲ್ಲಿನಂತೆ ಒತ್ತಾಗಿ ಬಿದ್ದವು. ಇಡೆಲ್ಲಾ ಕಿವಿಗೊಟ್ಟಳು. ಏನೂ ಇಲ್ಲ. ಅಜ್ಜಿ ಗೀರಿನೊಳಗೆ ಉಗುರು ಹಾಕಿ ತಡಕಿ, ಒಂದು ಇಡೀ ಮುಳ್ಳನ್ನು ಎಳೆದು ಬೆಳಕಿಗೆ ಹಿಡಿದಳು.

“ನನ್ನ ಕೈಗೂ ಜಾರ್ತು,” ಎಂದಳು. ಇಷ್ಟು ಸಂತೋಷದಿಂದ ತನ್ನ ತಪ್ಪು ಒಪ್ಪಿಕೊಂಡವರನ್ನು ಇಡೆಲ್ಲಾ ಕಂಡಿರಲಿಲ್ಲ.

“ಹಂಗಾದ್ರೆ ತಾಜಾ ತಾಜಾ ಅಂತ ಮೆರೆದಿದ್ದಕ್ಕೇ ನನ್ನ ಗಂಟ್ಲು ಹೋಗಿದ್ದಾ ಅತ್ತಿಗೆ?” ಎಂದ ಥರ್ಮನ್.

“ಹೊಗಳ್ತಾ ನುಂಗಿದ್ರೆ ಇನ್ನೇನಾಗತ್ತೆ? ಭಾನುವಾರ ಬಾಯಿ ಮುಚ್ಕೊಂಡು ತಿನ್ನು.”

“ಭಾನುವಾರ ಬಫಲೊ ಇದ್ಯಾ ಹಾಗಾದ್ರೆ?”

ಅಜ್ಜಿ ಉಳಿದ ಮೀನನ್ನೆಲ್ಲ ಮಂಜುಗಡ್ಡೆಯೊಳಗೆ ಹೂಳಲು ಲಾಂಜೊಗೆ ಕೈಸನ್ನೆ ಮಾಡಿ, ಇಡೆಲ್ಲಾ ಅರ್ಧಕ್ಕೆ ಬಿಟ್ಟಿದ್ದ ತಣ್ಣನೆಯ ಪಾರ್ಶ್ವವನ್ನು ತನ್ನ ಕಡೆ ಎಳೆದುಕೊಂಡಳು.

“ನಿನ್ನ ಗೀರು ದೂರ ದೂರ ಬಿದ್ದಿದೆ ಮಗಳೇ. ಈಚೆ ಬಾ, ನನ್ನ ಮೊಣಕೈ ಪಕ್ಕ ನಿಂತ್ಕೋ. ಥರ್ಮನ್, ನೀನು ಹೊರಗೆ ನಡಿ. ನಮಗೆ ಸದ್ದು ಕೇಳಿಸ್ಬೇಕು.”